ಕುಲುಕುವ ಕೈಗೆ ಸಿಕ್ಕ ಹಕ್ಕಿ

ಕಂದಿಕೆರೆಯ ವನಜಾಕ್ಷಿಯ ಬಲಗೈಗೆ ಒಂದು ಚಾಳಿ. ಏನೇ ಸಿಗಲಿ, ಕಿವಿಯ ಹತ್ತಿರ ಒಯ್ದು ಎರಡು ಸಲ ಕುಲುಕಬೇಕು. ಬೆಂಕಿಪೊಟ್ಟಣದ ಮಾತು ಬಿಡಿ, ಅದನ್ನು ಎಲ್ಲರೂ ಕುಲುಕುತ್ತಾರೆ. ಈಕೆ ಪೌಡರ್ ಡಬ್ಬಿ ಕುಲುಕುತ್ತಾಳೆ, ಬೀಗ ಕುಲುಕುತ್ತಾಳೆ, ಪೂಜೆಗೆ ತಂದ ಕಾಯನ್ನು ಪೂಜಾರಿಯ ಎದುರಿಗೇ ಕುಲುಕಿ "ಇದು ಬ್ಯಾಡ, ಬ್ಯಾರೆ ಕೊಡಿ" ಅನ್ನುತ್ತಾಳೆ. ಒಮ್ಮೆ ಬೀಗರ ಮನೆಯಲ್ಲಿ ಯಾರೋ ಹೊಸ ಮೊಬೈಲನ್ನು ನೋಡಲಿಕ್ಕೆಂದು ಕೈಗೆ ಕೊಟ್ಟರೆ ಅದನ್ನೂ ಕಿವಿಗೆ ಹಿಡಿದು ಕುಲುಕಿಬಿಟ್ಟಳು. ಅವರು "ಅಯ್ಯಯ್ಯೋ, ಏನ್ರೀ ಇದು!" ಎಂದು ಕಿತ್ತುಕೊಂಡರು. ಗಂಡ ಶಿವರಾಜು ಇವತ್ತಿಗೂ ಆ ಕಥೆಯನ್ನು ಬಂದವರಿಗೆಲ್ಲ ಹೇಳಿ ನಗುತ್ತಾನೆ.

ನಗುವವರು ನಗಲಿ. ಆ ಚಾಳಿ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಒಣಗಿ ಉಂಡೆಯಾಗಿ ಚಿಪ್ಪಿನಿಂದ ಬೇರೆಯಾಗಬೇಕು. ಆಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು. ಕುಲುಕಿದಾಗ ಗುಳುಗುಳು ಅಂದರೆ ನೀರಿದೆ, ಇನ್ನೂ ಕಾಯಬೇಕು. ಲೊಟಲೊಟ ಅಂದರೆ ಬಿಟ್ಟುಕೊಂಡಿದೆ, ಒಡೆಯಬಹುದು. ಅವಸರ ಮಾಡಿ ಒಡೆದರೋ, ಚಿಪ್ಪಿನ ಜೊತೆ ಕೊಬ್ಬರಿಯೂ ಚೂರು. ವನಜಾಕ್ಷಿ ಮದುವೆಯಾಗಿ ಬಂದ ವರ್ಷದಿಂದ ಕರಿಬಸವಯ್ಯನವರ ಕೊಬ್ಬರಿ ಶೆಡ್ಡಿನಲ್ಲಿ ಕೂತು, ಕುಲುಕಿ ಕೇಳಿ, ಮಚ್ಚಿನ ಹಿಂಬದಿಯಿಂದ ತಟ್ಟಿ ಚಿಪ್ಪು ಬಿಡಿಸುತ್ತ ಬಂದವಳು. ಇಪ್ಪತ್ತೆರಡು ವರ್ಷ. ಅವಳು ಬಿಡಿಸಿದ ಉಂಡೆಯ ಮೇಲೆ ಉಗುರಿನ ಗೀರೂ ಇರುವುದಿಲ್ಲ ಎಂದು ಕರಿಬಸವಯ್ಯನವರೇ ನಾಲ್ಕು ಜನರ ಮುಂದೆ ಹೇಳುತ್ತಾರೆ, ಅವರೋ ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ.

ಇಂಥ ಕೈಗೂ ಹಕ್ಕಿಗೂ ನಂಟು ಬೆಳೆದದ್ದು ಅಡುಗೆಯಿಂದ.

ಊರ ಮೇಲಿನ ಗುಡ್ಡದ ಕಾಯ್ದಿಟ್ಟ ಕಾಡಿಗೆ ತುಮಕೂರಿನ ಸೌಮ್ಯ ಎಂಬ ಹೆಣ್ಣುಮಗಳು ಹಕ್ಕಿಗಳ ಅಧ್ಯಯನಕ್ಕೆಂದು ಬರತೊಡಗಿದ್ದಳು. ಚಳಿಗಾಲದಲ್ಲಿ ತಿಂಗಳಿಗೆ ಹತ್ತು ದಿನ ಅಲ್ಲೇ ಹಳೆಯ ಕಾವಲು ಮನೆಯಲ್ಲಿ ವಾಸ. ಬೆಳಕು ಹರಿಯುವ ಹೊತ್ತಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳನ್ನು ಗಿಡಗಳ ನಡುವೆ ಕಟ್ಟುವುದು, ಅರ್ಧ ಗಂಟೆಗೊಮ್ಮೆ ಹೋಗಿ ನೋಡುವುದು, ಸಿಕ್ಕ ಹಕ್ಕಿಯನ್ನು ಬಿಡಿಸಿ ಬಟ್ಟೆಯ ಚೀಲದಲ್ಲಿ ತರುವುದು. ಅಳತೆ, ತೂಕ ಬರೆದುಕೊಂಡು, ಕಾಲಿಗೆ ನಂಬರಿರುವ ಅಲ್ಯೂಮಿನಿಯಂ ಉಂಗುರ ತೊಡಿಸಿ ಮತ್ತೆ ಹಾರಿಬಿಡುವುದು. ಅದೇ ಹಕ್ಕಿ ಮುಂದೆ ಎಲ್ಲಿ ಸಿಕ್ಕಿದರೂ ಆ ನಂಬರಿನಿಂದ ಅದರ ಊರು, ದಾರಿ, ವಯಸ್ಸು ತಿಳಿಯುತ್ತದೆ. ಅವಳಿಗೆ ಅಡುಗೆ ಮಾಡಿಕೊಡಲು ಯಾರಾದರೂ ಬೇಕು ಎಂದಾಗ ಕಾಡಿನ ವಾಚರ್ ಬೋರಯ್ಯ ವನಜಾಕ್ಷಿಯನ್ನು ಕೇಳಿದ. ಶೆಡ್ಡಿನಲ್ಲಿ ಆಗ ಕೆಲಸ ಕಡಿಮೆ. ಅಟ್ಟದ ಕಾಯಿ ಇನ್ನೂ ಗುಳುಗುಳು ಅನ್ನುತ್ತಿದ್ದ ಕಾಲ. ಅವಳು ಒಪ್ಪಿಕೊಂಡು ಡಿಸೆಂಬರಿನಲ್ಲಿ ಗುಡ್ಡ ಹತ್ತಿದಳು.

ಮೂರನೆಯ ದಿನ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಕೊಡಲು ಹೋದವಳು ಸೌಮ್ಯಳ ಕೈಯಲ್ಲಿದ್ದ ಹಕ್ಕಿಯನ್ನು ನೋಡಿ ಅಲ್ಲೇ ನಿಂತಳು. ಹೆಬ್ಬೆರಳಿನಷ್ಟೇ ಮೈ, ಒಣಗಿದ ಎಲೆಯ ಬಣ್ಣ. ನೋಡಿದರೆ ನೋಡಬೇಕು ಅನಿಸುವಂಥ ಏನೂ ಇಲ್ಲ. ಅದು ಟಕ್ ಟಕ್ ಅಂದಿತು.

"ಅಯ್ಯೋ, ಇದೇನಾ ಅದು!" ಎಂದಳು ವನಜಾಕ್ಷಿ. "ಇದು ನಮ್ ಚಿಪ್ಪೊಡೆಯೋ ಹಕ್ಕಿ ಕಣ್ರೀ ಮೇಡಂ. ಶೆಡ್ಡಿನ ಹಿಂದೆ ಬೇಲೀಲಿ ಚಳಿಗಾಲ ಪೂರ್ತಿ ಟಕ್ ಟಕ್ ಅಂತದೆ. ನಾವು ಒಳಗೆ ತಟ್ಟುದ್ರೆ ಅದು ಹೊರಗೆ ತಟ್ಟತದೆ. ಇಪ್ಪತ್ತೆರಡು ವರ್ಷದಿಂದ ಕೇಳ್ತಾ ಇವ್ನಿ, ಒಂದ್ ದಿನಾನೂ ಕಣ್ಣಿಗೆ ಬಿದ್ದಿಲ್ಲ ಕಳ್ಳಮುಂಡೇದು."

ಸೌಮ್ಯ ನಕ್ಕಳು. "ಪುಸ್ತಕದಲ್ಲಿ ಇದಕ್ಕೆ ಜೊಂಡು ಉಲಿಯಕ್ಕಿ ಅಂತಾರೆ. ಹಿಮಾಲಯದ ಆಚೆ, ಇನ್ನೂ ಎಷ್ಟೋ ದೂರದಿಂದ ಬರುತ್ತೆ. ಬೇಸಿಗೆಗೆ ವಾಪಸ್ ಹೋಗಿ ಅಲ್ಲಿ ಮರಿ ಮಾಡುತ್ತೆ."

"ಇಷ್ಟೇ ಇಷ್ಟಿರೋದು?"

"ಹನ್ನೊಂದು ಗ್ರಾಂ."

ವನಜಾಕ್ಷಿ ಮನಸ್ಸಿನಲ್ಲೇ ತೂಕ ಹಾಕಿದಳು. ಒಂದು ಉಂಡೆ ಕೊಬ್ಬರಿಗೆ ಇಂಥವು ಹತ್ತು ಬೇಕು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ, ವಿಜ್ಞಾನದಲ್ಲಿ ಶಾಲೆಗೇ ಹೆಚ್ಚು ಅಂಕ. ಆಮೇಲೆ ಮದುವೆ, ಮಗಳು, ಶೆಡ್ಡು, ಮಗಳ ಮದುವೆ. ವಿಜ್ಞಾನ ಅಲ್ಲೇ ನಿಂತಿತು. ಅದರ ಬಗ್ಗೆ ಅವಳೇನೂ ಅತ್ತುಕೊಂಡು ಕೂತಿರಲಿಲ್ಲ. ಆದರೆ ಅವತ್ತು ಆ ಹಕ್ಕಿಯ ಕಾಲಿಗೆ ಉಂಗುರ ಬಿದ್ದು, ಅದು ಸೌಮ್ಯಳ ಅಂಗೈಯಿಂದ ಎದ್ದು ಲಾಂಟಾನ ಪೊದೆಗೆ ಹೊಕ್ಕಾಗ, ಇದನ್ನು ನಾನೂ ಕಲಿಯಬೇಕು ಎನ್ನುವ ಆಸೆ ಎದೆಯಲ್ಲಿ ಕಚ್ಚಿ ಹಿಡಿಯಿತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟಳು.

ಸೌಮ್ಯ ಬೇಡ ಅನ್ನಲಿಲ್ಲ. "ಇಲ್ಲೇ ಇರೋರು ಒಬ್ಬರು ಕಲೀಬೇಕು ಅಂತ ನನಗೂ ಇದೆ. ಇನ್ನೊಂದು ಚಳಿಗಾಲ ಆದಮೇಲೆ ನಾನು ಬೇರೆ ಕಡೆ ಹೋಗಬೇಕಾಗುತ್ತೆ. ಆಗ ಬಲೆ ಕಟ್ಟೋರು ಯಾರೂ ಇಲ್ಲದಿದ್ರೆ ಈ ಕೆಲಸ ಇಲ್ಲಿಗೇ ನಿಲ್ಲುತ್ತೆ. ಕಲಿತು ಕೈ ಕುದುರಿದ್ರೆ ನಿಮ್ಮ ಹೆಸರಲ್ಲೇ ಅನುಮತಿಗೆ ಅರ್ಜಿ ಹಾಕಬಹುದು. ನೋಡೋಣ, ಮೊದಲು ಜೊತೆಗೆ ಓಡಾಡಿ" ಎಂದಳು.

ವನಜಾಕ್ಷಿಯ ಕಾಲು ನೆಲದ ಮೇಲಿರಲಿಲ್ಲ. ಮಾರನೆಯ ದಿನ ಸೂರ್ಯ ಹುಟ್ಟುವ ಮೊದಲೇ ಚಿತ್ರಾನ್ನ ಕಲಸಿಟ್ಟು ಬಲೆಗಳ ಹಿಂದೆ ಹೊರಟಳು. ಎರಡನೆಯ ಬಲೆಯಲ್ಲಿ ಮೂರು ಹಕ್ಕಿ ಒಟ್ಟಿಗೆ ಬಿದ್ದಿದ್ದವು. ಸೌಮ್ಯ ಒಂದನ್ನು ಬಿಡಿಸಿ ಚೀಲಕ್ಕೆ ಹಾಕಿ, ದಾರ ಬಿಗಿದು, "ಇದನ್ನ ಸ್ವಲ್ಪ ಹಿಡ್ಕೊಂಡಿರಿ ವನಜಕ್ಕ" ಎಂದು ಕೊಟ್ಟಳು.

ಮುಂದಿನದನ್ನು ನಾನು ಹೇಳಲೇಬೇಕೆ? ಆ ಹಾಳು ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಚೀಲ ಕಿವಿಯ ಹತ್ತಿರ ಹೋಯಿತು. ಕುಲುಕಿತು, ಒಂದಲ್ಲ, ಎರಡು ಸಲ.

"ಏನ್ ಮಾಡ್ತಿದ್ದೀರಾ ನೀವು!"

ಗಟ್ಟಿಯಾಗಿ ಮಾತಾಡಿಯೇ ಗೊತ್ತಿಲ್ಲದ ಸೌಮ್ಯ ಕೂಗಿದ ಕೂಗಿಗೆ ಆಚೆಯ ಪೊದೆಯ ಪಿಕಳಾರಗಳು ಎದ್ದು ಹಾರಿದವು. ಬೋರಯ್ಯ ಏನಾಯಿತೋ ಎಂದು ಕೋಲು ಹಿಡಿದು ಓಡಿ ಬಂದ. ಸೌಮ್ಯ ಚೀಲವನ್ನು ಕಸಿದುಕೊಂಡು ಹಕ್ಕಿಯನ್ನು ಹೊರಗೆ ತೆಗೆದಳು. ಅದೇ ಜಾತಿಯ ಹಕ್ಕಿ. ಕಣ್ಣು ಅರ್ಧ ಮುಚ್ಚಿ, ರೆಕ್ಕೆ ಇಳಿಬಿಟ್ಟು ಅವಳ ಅಂಗೈಯಲ್ಲಿ ಕೂತೇ ಇತ್ತು. ಹತ್ತು ನಿಮಿಷ ಹಾಗೇ ಹೋಯಿತು. ವನಜಾಕ್ಷಿ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಕೊನೆಗೆ ಅದು ತಲೆ ಕೊಡವಿ, ಒಮ್ಮೆ ಟಕ್ ಎಂದು ಪೊದೆಗೆ ಹಾರಿತು. ವನಜಾಕ್ಷಿ ಅಲ್ಲೇ ಕಲ್ಲಿನ ಮೇಲೆ ಕೂತಳು.

"ನಾನು ಕೋಪಕ್ಕೆ ಹೇಳ್ತಿಲ್ಲ" ಎಂದಳು ಸೌಮ್ಯ ಆಮೇಲೆ. "ಆದರೆ ಹಕ್ಕಿ ಮುಟ್ಟೋದು ಬೇಡ. ಅಡುಗೆ ಅಷ್ಟೇ ಸಾಕು."

ಆ ದಿನದ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಸೌಮ್ಯಳೂ ಬೋರಯ್ಯನೂ ಸದ್ದಿಲ್ಲದೆ ಉಂಡೆದ್ದರು.

ಸಂಜೆ ಮನೆಗೆ ಬಂದವಳು ಹಿತ್ತಲಲ್ಲಿ ಮೇಕೆಗೆ ಸೊಪ್ಪು ಹಾಕುತ್ತಿದ್ದ ಅತ್ತೆ ಹುಚ್ಚಕ್ಕನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಹುಚ್ಚಕ್ಕನಿಗೆ ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತರದು. ಮೊದಲು ಸೊಂಟ ಹಿಡಿದುಕೊಂಡು ನಕ್ಕಳು. "ಹಕ್ಕೀನ ಕುಲುಕುದ್ಯಾ? ನೀರೈತಾ ಅಂತಾನಾ?" ಎಂದು ಮತ್ತೆ ನಕ್ಕಳು. ಸೊಸೆಯ ಅಳು ನಿಲ್ಲದ್ದು ಕಂಡು ಪಕ್ಕದಲ್ಲಿ ಬಂದು ಕೂತಳು.

"ಅಳ್ಬ್ಯಾಡ ಸುಮ್ಕಿರು. ನಿನ್ ಕೈಗೆ ಕುಲುಕೋದು ಕಲ್ಸಿದೋಳು ನಾನು ಕಣೇ. ಬುಡ್ಸೋಳೂ ನಾನೇ."

ಹಾಗೆಂದವಳೇ ಎದ್ದು ಮೇಕೆಯ ಕೊರಳಿಂದ ಗೆಜ್ಜೆ ಬಿಚ್ಚಿ, ಸೊಸೆಯ ಬಲಗೈ ಮಣಿಕಟ್ಟಿಗೆ ಕಟ್ಟಿದಳು. ಶರತ್ತು ಇಷ್ಟೆ. ಮನೆಯಲ್ಲಿರುವಷ್ಟು ಹೊತ್ತೂ ಗೆಜ್ಜೆ ಕೈಯಲ್ಲಿರಬೇಕು. ಯಾವ ಸಾಮಾನು ಎತ್ತಿಕೊಂಡರೂ ಅದು ಝಣ್ ಅನ್ನಬಾರದು. ಝಣ್ ಅಂದರೆ ಸಾಮಾನನ್ನು ಇದ್ದ ಜಾಗದಲ್ಲೇ ಇಟ್ಟು ಮೊದಲಿಂದ ಎತ್ತಬೇಕು. ಹುಚ್ಚಕ್ಕ ಸುಮ್ಮನೆ ಕೂರುವವಳಲ್ಲ. "ಲೇ ವನಜಾ, ಹಿಡಿ" ಎಂದು ಇದ್ದಕ್ಕಿದ್ದಂತೆ ಸಾಸಿವೆ ಡಬ್ಬಿ ಚಾಚುವಳು. ಝಣ್! "ಇಡು ಕೆಳಕ್ಕೆ!" ಮೊದಲ ವಾರ ಒಂದು ಕಾಫಿ ಮಾಡಲು ಅರ್ಧ ಗಂಟೆ ಹಿಡಿಯಿತು. ಶಿವರಾಜು ಗೆಜ್ಜೆಯ ಸದ್ದು ಕೇಳಿದಾಗಲೆಲ್ಲ "ಮೇಕೆ ಒಳಗೆ ನುಗ್ಗೈತೆ ನೋಡವ್ವ" ಎಂದು ರೇಗಿಸಿದ. ಒಂದು ದಿನ ಅವನ ಮೇಲೆ ಲಟ್ಟಣಿಗೆ ಬೀಸಿದಳು, ಆಗಲೂ ಗೆಜ್ಜೆ ಝಣ್ ಅಂದಿತು. ಹುಚ್ಚಕ್ಕ, "ಅದು ಲೆಕ್ಕಕ್ಕಿಲ್ಲ ಬುಡು" ಎಂದಳು.

ಜನವರಿಯಲ್ಲಿ ಮತ್ತೆ ಗುಡ್ಡ ಹತ್ತಿದಾಗ ವನಜಾಕ್ಷಿ ಗೆಜ್ಜೆಯನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಕ್ಕಿಯ ಮೇಜಿನ ಹತ್ತಿರ ಸುಳಿಯಲಿಲ್ಲ. ಬೇಕಾದದ್ದು ಬೇಯಿಸಿ, ಬಡಿಸಿ, ದೂರ ನಿಂತು ನೋಡುವಳು. ದೂರದಿಂದಲೇ ಬಹಳ ಕಲಿತಳು ಎನ್ನಿ. ಹಕ್ಕಿಯ ಬೆನ್ನು ಅಂಗೈಗೆ, ಕತ್ತು ತೋರುಬೆರಳು ನಡುಬೆರಳಿನ ಮಧ್ಯೆ, ಹಿಡಿತ ಹೂವಿನಷ್ಟು ಸಡಿಲ. ಒಲೆಯ ಮುಂದೆ ಕೂತು ಬದನೆಕಾಯಿಯನ್ನು ಹಾಗೆ ಹಿಡಿದು ನೋಡುವಳು.

ಆರನೆಯ ಬೆಳಿಗ್ಗೆ ನೀರು ತರಲು ಹೊರಟವಳಿಗೆ ನಾಲ್ಕನೆಯ ಬಲೆಯ ಕಡೆಯಿಂದ ಟಕ್ ಟಕ್ ಟಕ್ ಎಂದು ಉಸಿರು ಕಟ್ಟಿದಂಥ ಸದ್ದು ಕೇಳಿಸಿತು. ಹೋಗಿ ನೋಡಿದರೆ ಚಿಪ್ಪೊಡೆಯೋ ಹಕ್ಕಿ. ಬಲೆಯೊಳಗೆ ತಿರುತಿರುಗಿ ದಾರವೆಲ್ಲ ಹುರಿಯಾಗಿ ರೆಕ್ಕೆಗೂ ಕಾಲಿಗೂ ಸುತ್ತಿತ್ತು. ಮುಟ್ಟುವ ಹಾಗಿಲ್ಲ. ಅವಳು ಬಿಂದಿಗೆ ಕೆಳಗಿಟ್ಟು, ಹಕ್ಕಿ ಇನ್ನಷ್ಟು ತಿರುಗದ ಹಾಗೆ ಬಲೆಯ ಹಗ್ಗವನ್ನಷ್ಟೇ ಎತ್ತಿ ಹಿಡಿದು, "ಮೇಡಂ! ಬೋರಯ್ಯಣ್ಣ! ಬೇಗ ಬನ್ರಪ್ಪೋ!" ಎಂದು ಕೂಗಿದಳು.

ಸೌಮ್ಯ ಓಡಿ ಬಂದಳು. ಒಂದು ನಿಮಿಷ ನೋಡಿದಳು, ಎರಡು ನಿಮಿಷ ನೋಡಿದಳು. ಒಂದು ಎಳೆ ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು. "ಕತ್ತರಿ ತನ್ನಿ, ಬಲೆ ಕತ್ತರಿಸೋಣ" ಎಂದಳು. ಕತ್ತರಿ ಇದ್ದದ್ದು ಕಾವಲು ಮನೆಯಲ್ಲಿ. ಬೋರಯ್ಯ ಓಡಿದ. ಹಕ್ಕಿ ಬಾಯಿ ತೆರೆದು ಏದುತ್ತಿತ್ತು.

ವನಜಾಕ್ಷಿಗೆ ತಡೆಯಲಾಗಲಿಲ್ಲ. "ಮೇಡಂ, ತೆಪ್ಪು ತಿಳ್ಕಬ್ಯಾಡಿ. ಅದು ಈ ಕಡೆಯಿಂದ ಬಂದಿಲ್ಲ. ಆ ಕಡೆಯಿಂದ ಬಂದೈತೆ, ಎಡಗಾಲು ಮುಂದಾಗಿ. ಎಳೀಬ್ಯಾಡಿ. ಕಾಲಿನ ತಾವ ಒಂದ್ ಎಳೆ ಸಡಿಲ ಐತಲ್ಲ, ಬಿಟ್ಕಂಡಿರೋದು ಅಲ್ಲಿ. ಅಲ್ಲಿಂದ ಹೋಗ್ಬೇಕು."

ಸೌಮ್ಯ ತಿರುಗಿ ಅವಳ ಮುಖ ನೋಡಿದಳು. ಆಮೇಲೆ ಅವಳ ಕೈ ನೋಡಿದಳು. ಪಕ್ಕಕ್ಕೆ ಸರಿದು, "ನೀವೇ ಮಾಡಿ" ಎಂದಳು.

ಇಪ್ಪತ್ತೆರಡು ವರ್ಷ ಚಿಪ್ಪಿಗೂ ಕೊಬ್ಬರಿಗೂ ನಡುವಿನ ಕೂದಲೆಳೆಯಷ್ಟು ಜಾಗ ಹುಡುಕಿದ ಬೆರಳುಗಳು ಅವು. ಕಾಲು, ತೊಡೆ, ಹೊಟ್ಟೆ, ಒಂದು ರೆಕ್ಕೆ, ಇನ್ನೊಂದು ರೆಕ್ಕೆ, ಕೊನೆಗೆ ಕತ್ತು. ಬೋರಯ್ಯ ಕತ್ತರಿ ತರುವಷ್ಟರಲ್ಲಿ ಹಕ್ಕಿ ಅವಳ ಅಂಗೈಯಲ್ಲಿತ್ತು, ಬದನೆಕಾಯಿಯ ಮೇಲೆ ಕಲಿತ ಹಿಡಿತದಲ್ಲಿ. ಅದರ ಎದೆ ಅವಳ ಬೆರಳಿಗೆ ಬಡಿಯುತ್ತಿತ್ತು. ಸೌಮ್ಯ ಚೀಲ ತೆರೆದು ಹಿಡಿದಳು. ವನಜಾಕ್ಷಿ ಹಕ್ಕಿಯನ್ನು ಒಳಗೆ ಬಿಟ್ಟು, ದಾರ ಬಿಗಿದು, ಚೀಲವನ್ನು ದೇವರ ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೇಜಿನವರೆಗೆ ನಡೆದಳು. ಬೋರಯ್ಯ ಅವಳ ಬಲಗೈಯನ್ನೇ ನೋಡುತ್ತ ಹಿಂದೆ ಬಂದ.

ಅವತ್ತಿನಿಂದ ಪಾಠ ಶುರುವಾಯಿತು. ರೆಕ್ಕೆಯನ್ನು ಸ್ಕೇಲಿನ ಮೇಲೆ ಇಟ್ಟು ಅಳೆಯುವುದು, ಎದೆಯ ಪುಕ್ಕವನ್ನು ಊದಿ ಕೊಬ್ಬು ಎಷ್ಟಿದೆ ನೋಡುವುದು, ಪುಕ್ಕದ ಸವೆತದಿಂದ ಮರಿಯೋ ದೊಡ್ಡದೋ ಹೇಳುವುದು. ಹರಿದ ಬಲೆಯೊಂದನ್ನು ಮನೆಗೆ ಕೊಟ್ಟು ಕಳಿಸಿದ್ದಳು ಸೌಮ್ಯ. ಹುಚ್ಚಕ್ಕ ಅದಕ್ಕೆ ಹುಣಸೆಸೊಪ್ಪು, ಜಾಲಿಮುಳ್ಳು, ತನ್ನದೇ ತಲೆಕೂದಲಿನ ಸಿಕ್ಕು ಎಲ್ಲ ಸಿಕ್ಕಿಸಿ "ಬುಡ್ಸು ನೋಡಾನ" ಎಂದು ಕೊಡುತ್ತಿದ್ದಳು. ಫೆಬ್ರವರಿ ಮುಗಿಯುವಷ್ಟರಲ್ಲಿ ಬಿಡಿಸುವುದರಲ್ಲಿ ವನಜಾಕ್ಷಿ ಸೌಮ್ಯಳಿಗಿಂತ ಒಂದು ಕೈ ಮೇಲಾಗಿದ್ದಳು. ಹಾಗೆಂದು ಸೌಮ್ಯಳೇ ಹೇಳಿದಳು.

ಉಂಗುರ ತೊಡಿಸುವುದೊಂದು ಬಾಕಿ. ಅದಕ್ಕೆ ತೂತಿರುವ ಒಂದು ಇಕ್ಕಳ. ಬಾಯಲ್ಲಿ ಎರಡು ತೂತು, ಚಿಕ್ಕ ಉಂಗುರಕ್ಕೆ ಚಿಕ್ಕದು, ದೊಡ್ಡದಕ್ಕೆ ದೊಡ್ಡದು. ಸರಿಯಾದ ತೂತಿನಲ್ಲಿ ಒತ್ತಿದರೆ ಉಂಗುರ ಗುಂಡಗೆ ಕೂಡುತ್ತದೆ, ಕಾಲಿನ ಮೇಲೆ ಸಲೀಸಾಗಿ ಓಡಾಡುತ್ತದೆ. ತಪ್ಪಿದರೆ ಕಾಲನ್ನು ಕಚ್ಚುತ್ತದೆ. ಕಚ್ಚಿದ ಉಂಗುರ ಹೊತ್ತು ಹಿಮಾಲಯ ದಾಟುವ ಹಕ್ಕಿಯ ಗತಿ ಕೇಳುವುದೇ ಬೇಡ. ಮಾರ್ಚಿನ ಕೊನೆಯ ಬೆಳಿಗ್ಗೆ, ಬಲೆ ಬಿಚ್ಚುವ ಮುಂಚೆ ಸಿಕ್ಕ ಕೊನೆಯ ಚಿಪ್ಪೊಡೆಯೋ ಹಕ್ಕಿಯನ್ನು ಸೌಮ್ಯ ಅವಳ ಕೈಗೇ ಕೊಟ್ಟಳು. ವನಜಾಕ್ಷಿ ಇಕ್ಕಳ ಒತ್ತಿದಳು. ಸೌಮ್ಯ ಕನ್ನಡಕ ಸರಿಮಾಡಿ ನೋಡಿ, "ಚೆನ್ನಾಗಿದೆ" ಎಂದಳು. ನಂಬರು ಎರಡು, ಸೊನ್ನೆ, ಏಳು, ಒಂದು, ಆರು. ವನಜಾಕ್ಷಿ ಅಂಗೈ ಬಿಚ್ಚಿದಳು, ಹಕ್ಕಿ ಹೋಯಿತು.

ಮಧ್ಯಾಹ್ನ ಸಾಮಾನೆಲ್ಲ ಒರೆಸಿ ಇಡುವಾಗ ಅವಳ ಕಣ್ಣಿಗೆ ಬಿದ್ದದ್ದು ಇಕ್ಕಳದ ಚಿಕ್ಕ ತೂತಿನಲ್ಲಿದ್ದ ಬೆಳ್ಳಿಬಣ್ಣದ ಪುಡಿ. ಆ ಹಕ್ಕಿಗೆ ಬಳಸಬೇಕಾದದ್ದು ದೊಡ್ಡ ತೂತು. ತಾನು ಬಳಸಿದ್ದು ಯಾವುದು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆ ಗಳಿಗೆಯಲ್ಲಿ ಅವಳು ನೋಡಿದ್ದು ಹಕ್ಕಿಯ ಕಣ್ಣನ್ನು, ಇಕ್ಕಳವನ್ನಲ್ಲ. ಪುಡಿ ಹಿಂದಿನ ವಾರ ಸಿಕ್ಕ, ಇದಕ್ಕಿಂತ ಪುಟ್ಟದಾದ ಸೂರಕ್ಕಿಯ ಉಂಗುರದ್ದೂ ಆಗಿರಬಹುದು. ಆಗದೆಯೂ ಇರಬಹುದು. ಮುಚ್ಚಿಡುವ ಬುದ್ಧಿ ಅವಳದಲ್ಲ, ನೇರ ಹೋಗಿ ಸೌಮ್ಯಳಿಗೆ ತೋರಿಸಿದಳು.

"ನಾನು ನೋಡಿದಾಗ ಸರಿ ಇತ್ತು" ಎಂದಳು ಸೌಮ್ಯ. ಇಕ್ಕಳವನ್ನು ತಿರುಗಿಸಿ ನೋಡಿ, "ನೂರಕ್ಕೆ ನೂರು ಅಂತ ಹೇಳೋಕಾಗಲ್ಲ. ಉಂಗುರ ತಿರುಗಿಸಿ ನೋಡಬೇಕಿತ್ತು, ನಾನೂ ಮರೆತೆ. ಅದೇ ಹಕ್ಕಿ ಮತ್ತೆ ಸಿಕ್ಕಿದ್ರೆ ಮಾತ್ರ ಗೊತ್ತಾಗೋದು. ಅದನ್ನೇ ಮನಸ್ಸಿಗೆ ಹಚ್ಕೋಬೇಡಿ. ಅರ್ಜಿಗೆ ನಿಮ್ಮ ಹೆಸರು ಬರೆದಿದ್ದೀನಿ, ಒಂದು ಸೈನ್ ಹಾಕಿ" ಎಂದು ಕಾಗದ ಮುಂದೆ ಮಾಡಿದಳು.

"ಇಲ್ಲ ಮೇಡಂ. ಅದು ಬರ್ಲಿ. ಅದರ ಕಾಲು ನೆಟ್ಟಗಿರೋದು ನಾನು ನೋಡ್ಬೇಕು. ಆಮೇಲೆ ಸೈನು."

"ನೂರು ಹಕ್ಕಿಗೆ ಉಂಗುರ ಹಾಕಿದ್ರೆ ಮತ್ತೆ ಸಿಗೋದು ಏಳೋ ಎಂಟೋ ವನಜಕ್ಕ. ಕಾಲು ಚೆನ್ನಾಗಿದ್ದೂ ಬರದೇ ಇರಬಹುದು. ಬರದಿದ್ರೆ?"

"ಬರ್ದಿದ್ರೆ ಅಡುಗೆ ಮಾಡ್ಕಂಡಿರ್ತೀನಿ. ಬಲೆಯಿಂದ ಬುಡ್ಸಿ ಕೊಡ್ತೀನಿ. ಇಕ್ಕಳ ಮಾತ್ರ ಮುಟ್ಟಕಿಲ್ಲ."

ಹಟ ಎಂದರೆ ಹಟ. ಸೌಮ್ಯ ಎಷ್ಟು ಹೇಳಿದರೂ ಕೇಳಲಿಲ್ಲ. ಬರುವ ಚಳಿಗಾಲವೇ ಸೌಮ್ಯಳ ಕೊನೆಯ ಚಳಿಗಾಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸೈನಿಲ್ಲದ ಕಾಗದ ಫೈಲಿನೊಳಗೆ ಹೋಯಿತು.

ಬೇಸಿಗೆ ಬಂತು, ಬೇಲಿಯ ಟಕ್ ಟಕ್ ನಿಂತಿತು. ಅಟ್ಟದ ಕಾಯಿ ಇಳಿಯಿತು, ವನಜಾಕ್ಷಿ ಶೆಡ್ಡಿನಲ್ಲಿ ಕೂತು ಕುಲುಕಿದಳು, ತಟ್ಟಿದಳು. ಅಲ್ಲಿ ಕುಲುಕಬೇಕು, ಮನೆಗೆ ಬಂದರೆ ಗೆಜ್ಜೆ. ಅದನ್ನು ಬಿಚ್ಚಲು ಅವಳೇ ಒಪ್ಪಲಿಲ್ಲ. ಕೈ ಇನ್ನೂ ನಂಬಿಕೆಗೆ ಬಂದಿಲ್ಲ ಅತ್ತೆ, ಅನ್ನುತ್ತಿದ್ದಳು. ಮಳೆಗಾಲದಲ್ಲಿ ಒಂದು ಸಂಜೆ ಟೀವಿಯಲ್ಲಿ ಹಿಮ ಬೀಳುವ ಬೆಟ್ಟಗಳನ್ನು ತೋರಿಸಿದಾಗ ಎದ್ದು ಒಳಗೆ ಹೋದಳು. ಆ ಬೆಟ್ಟಗಳ ಆಚೆ ಎಲ್ಲೋ ಒಂದು ಪೊದೆಯಲ್ಲಿ ಹನ್ನೊಂದು ಗ್ರಾಮಿನ ಜೀವವೊಂದು ಊದಿಕೊಂಡ ಕಾಲೆಳೆಯುತ್ತ ಕೂತಿದೆಯೇನೋ ಎಂದು ಅವಳಿಗೆ ಸಂಕಟವಾಗುತ್ತಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ಶೆಡ್ಡಿನ ಹಿಂದೆ ಟಕ್ ಅಂದಿತು. ಚಿಪ್ಪು ತಟ್ಟುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಅವಳ ಮುಖ ನೋಡಿದರು. ಅಷ್ಟು ಹೊತ್ತಿಗೆ ಊರಿಗೆಲ್ಲ ಈ ವಿಷಯ ಗೊತ್ತಾಗಿತ್ತು. "ನಿಮ್ಮೋರು ಬಂದ್ರು ಕಣೇ ವನಜಾ" ಎಂದಳು ಒಬ್ಬಳು.

ಬಂದವರಲ್ಲಿ ತನ್ನದು ಇದೆಯೇ? ನವೆಂಬರಿನ ಹತ್ತು ದಿನದಲ್ಲಿ ಉಂಗುರವಿದ್ದ ಹಕ್ಕಿ ಎರಡು ಸಿಕ್ಕಿದವು. ಎರಡೂ ಸೌಮ್ಯಳ ಕೈಯವು, ಎರಡರ ಕಾಲೂ ನೆಟ್ಟಗಿದ್ದವು. ವನಜಾಕ್ಷಿಯ ಭಯ ಅದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ದಿನಾ ಸಂಜೆ ಬಾಗಿಲಲ್ಲೇ ಹುಚ್ಚಕ್ಕ, "ಬಂತಾ?" ಅನ್ನುವಳು. "ಇಲ್ಲ ಕಣತ್ತೆ." "ದೂರದ ದಾರಿ, ಬತ್ತದೆ ಬುಡು." ಡಿಸೆಂಬರು ಬಂತು. ಒಂದು ದಿನ, ಎರಡು ದಿನ, ಏಳು ದಿನ. ಸೌಮ್ಯ ಆ ಕಾಗದವನ್ನು ಹೊರಗೆ ತೆಗೆಯಲಿಲ್ಲ, ಕೇಳಲೂ ಇಲ್ಲ.

ಎಂಟನೆಯ ಬೆಳಿಗ್ಗೆ ಮಂಜು ಇನ್ನೂ ಬಂದರಿಕೆ ಗಿಡಗಳ ಮೇಲೆ ಕೂತಿತ್ತು. ನಾಲ್ಕನೆಯ ಬಲೆ. ಬಲೆ ಜೋತುಬಿದ್ದ ಕೆಳಗಿನ ಮಡಿಕೆಯಲ್ಲಿ ಒಣಎಲೆ ಬಣ್ಣದ ಹಕ್ಕಿಯೊಂದು ತೂಗುತ್ತಿತ್ತು. ಬಿಡಿಸಲು ಕೈ ಹಾಕಿದಾಗ ಎಡಗಾಲಿನಲ್ಲಿ ಏನೋ ಮಿಂಚಿತು. ವನಜಾಕ್ಷಿ ಅದನ್ನು ನೋಡಲಿಲ್ಲ. ಬೇಕೆಂದೇ ಕಣ್ಣು ಬೇರೆ ಕಡೆ ಇಟ್ಟು, ಬೆರಳಿನಿಂದಲೇ ಬಿಡಿಸಿ, ಚೀಲಕ್ಕೆ ಬಿಟ್ಟು, ಮೇಜಿನ ಹತ್ತಿರ ಬಂದಳು. ಕೈ ಒಂದಿಷ್ಟೂ ಅಲುಗಲಿಲ್ಲ.

"ನೀವು ನೋಡಿ ಮೇಡಂ. ನನ್ ಕೈಲಾಗಕಿಲ್ಲ."

"ಆಗುತ್ತೆ. ನೀವೇ ಓದಿ" ಎಂದು ಸೌಮ್ಯ ಪೆನ್ನು ಹಿಡಿದು ಕೂತಳು.

ವನಜಾಕ್ಷಿ ಹಕ್ಕಿಯನ್ನು ಹೊರಗೆ ತೆಗೆದು ಕಾಲನ್ನು ಬೆಳಕಿಗೆ ಹಿಡಿದಳು. "ಎರಡು" ಎಂದಳು. "ಸೊನ್ನೆ. ಏಳು." ಅಲ್ಲಿಗೆ ಓದುವುದನ್ನು ಬಿಟ್ಟು ಕಾಲನ್ನು ಸೌಮ್ಯಳ ಕಡೆ ತಿರುಗಿಸಿದಳು. ಒಂದು, ಆರು ಎಂದು ಉಳಿದ ಎರಡು ಅಂಕಿಯನ್ನು ಸೌಮ್ಯಳೇ ಓದಿ ಬರೆದಳು. ಬೋರಯ್ಯ ತಲೆಗೆ ಕಟ್ಟಿದ್ದ ಮಫ್ಲರನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ನಂಬರು ಸಿಕ್ಕಿತು, ಸರಿ. ಕಾಲು? ವನಜಾಕ್ಷಿ ಕಿರುಬೆರಳಿನ ಉಗುರಿನಿಂದ ಉಂಗುರವನ್ನು ಮೆಲ್ಲಗೆ ನೂಕಿದಳು. ಅದು ತಿರುಗಿತು. ಮೇಲಕ್ಕೆ ನೂಕಿದಳು, ಹೋಯಿತು. ಬಿಟ್ಟಳು, ಜಾರಿ ಕೆಳಗೆ ಬಂತು. ಅದರ ಅಡಿಯ ಚರ್ಮ ನುಣ್ಣಗಿತ್ತು, ಒಂದು ಗೀರಿಲ್ಲ. ಹಿಮಾಲಯ ದಾಟಿ ಹೋಗಿ, ಹಿಮಾಲಯ ದಾಟಿ ಬಂದು, ಅದೇ ಗುಡ್ಡದ ಅದೇ ಪೊದೆಯ ಅದೇ ಬಲೆಗೆ ಬಿದ್ದಿದ್ದ ಆ ಕಾಲು ಕಡ್ಡಿಯಂತೆ ನೆಟ್ಟಗಿತ್ತು.

ಆಗ ಅವಳು ಮಾಡಿದ್ದು ನೋಡಿ ಬೋರಯ್ಯನ ಜೀವ ಬಾಯಿಗೆ ಬಂತು. ಹಕ್ಕಿಯನ್ನು ಹಿಡಿದಿದ್ದ ಕೈ ಮೆಲ್ಲಗೆ ಮೇಲೆದ್ದು ಕಿವಿಯ ಹತ್ತಿರ ಹೋಯಿತು. "ವನಜಕ್ಕಾ!" ಎಂದ. ಸೌಮ್ಯ ಅವನ ತೋಳು ಹಿಡಿದು ಸುಮ್ಮನಿರಿಸಿದಳು. ಕೈ ಕುಲುಕಲಿಲ್ಲ. ಉಗುರು ಉಂಗುರವನ್ನು ಒಮ್ಮೆ ತಿರುಗಿಸಿತು, ಅಷ್ಟೇ. ಯಾರಿಗೂ ಏನೂ ಕೇಳಿಸಲಿಲ್ಲ. ಇಪ್ಪತ್ಮೂರು ವರ್ಷ ಪಳಗಿದ ಆ ಕಿವಿಗೆ ಕೇಳಿಸಿತು.

"ಬಿಟ್ಕಂಡೈತೆ ಮೇಡಂ" ಎಂದಳು ವನಜಾಕ್ಷಿ. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಚೆನ್ನಾಗಿ ಬಿಟ್ಕಂಡೈತೆ."

ಹಕ್ಕಿಯ ತೂಕ ಹನ್ನೊಂದೂವರೆ ಗ್ರಾಂ. ಬರೆದುಕೊಂಡಾಯಿತು. ಅವಳು ಅಂಗೈ ಬಿಚ್ಚಿದಳು. ಅದು ಒಂದು ಕ್ಷಣ ಕೂತು, ಅವಳ ಹೆಬ್ಬೆರಳನ್ನೊಮ್ಮೆ ಕುಕ್ಕಿ, ಟಕ್ ಎಂದು ಹೋಯಿತು. "ಕೊಬ್ಬು ನೋಡು ಕಳ್ಳಮುಂಡೇದಕ್ಕೆ" ಎಂದು ಬೈದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಾನೇ ಕೇಳಿ ಕಾಗದ ತರಿಸಿಕೊಂಡು, ಹಕ್ಕಿಯ ಮೇಜಿನ ಮೇಲೇ ಇಟ್ಟು, ಎಸ್ಸೆಸ್ಸೆಲ್ಸಿ ಕಾಲದ ದುಂಡು ಅಕ್ಷರದಲ್ಲಿ ಸೈನ್ ಹಾಕಿದಳು. ಮುಂದಿನ ಬಲೆ ನೋಡುವ ಹೊತ್ತಾಗಿತ್ತು. ಮೂವರೂ ಎದ್ದರು.

ಸಂಜೆ ಅವಳು ಬೀದಿಯ ತಿರುವಿಗೆ ಬರುವಷ್ಟರಲ್ಲೇ ಹುಚ್ಚಕ್ಕ ಬಾಗಿಲಲ್ಲಿ ನಿಂತಿದ್ದಳು. ಬಂತಾ ಎಂದು ಕೇಳಲು ಬಾಯಿ ತೆರೆದವಳು ಸೊಸೆಯ ಮುಖ ನೋಡಿ ಕೇಳಲಿಲ್ಲ. "ಕಾಲು?" ಎಂದಳು.

"ನೆಟ್ಟಗೈತೆ ಕಣತ್ತೆ."

ಹುಚ್ಚಕ್ಕ ಸೊಸೆಯ ಸೊಂಟದಿಂದ ಗೆಜ್ಜೆಯನ್ನು ಕಿತ್ತುಕೊಂಡು ಹಿತ್ತಲಿಗೆ ನಡೆದು, ಮತ್ತೆ ಮೇಕೆಯ ಕೊರಳಿಗೆ ಕಟ್ಟಿದಳು. ಒಂದು ವರ್ಷ ಸದ್ದಿಲ್ಲದೆ ಓಡಾಡಿದ ಮೇಕೆ ಕತ್ತು ಕೊಡವಿ ಝಣ್ ಅನ್ನಿಸಿತು.